ಎರಡನೇ ಚೊಂಬು

ಗ್ರಹಣದ ಹೊತ್ತಿನಲ್ಲಿ ಉಪ್ಪಿಟ್ಟು ತಿಂದವಳು ನಾನು. ರಾಜಾಜಿನಗರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರಾಗಿದ್ದಾಗ ಪ್ರತಿ ಸೂರ್ಯಗ್ರಹಣಕ್ಕೂ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ, ಗ್ರಹಣದ ಕನ್ನಡಕ ಹಾಕಿಸಿ ತೋರಿಸಿ, ಅಲ್ಲೇ ನಿಂತು ಡಬ್ಬಿ ಬಿಚ್ಚುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಉಪವಾಸ ಕೂತವರು ಗೊಣಗಿದರೆ ನನಗೆ ಇನ್ನಷ್ಟು ಹಸಿವಾಗುತ್ತಿತ್ತು. ನಮ್ಮ ಮನೆಯ ಪಾಯ ಹಾಕಿಸಿದ್ದು ರಾಹುಕಾಲದಲ್ಲಿ, ಬೇಕೆಂದೇ. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ನನಗೆ ನಾಸ್ತಿಕ ಟೀಚರ್ ಎಂಬ ಹೆಸರಿತ್ತು. ದಿನಾ ಹಣೆಗೆ ವಿಭೂತಿ ಹಚ್ಚುವ ನನಗೆ ಅದು ಅನ್ಯಾಯದ ಹೆಸರೇ, ಆದರೆ ಒಳಗೊಳಗೆ ಖುಷಿಯಾಗುತ್ತಿತ್ತು.

ಈಗ ಯೋಚಿಸಿದರೆ, ನಾನು ಬಿಟ್ಟದ್ದೆಲ್ಲ ಬಿಟ್ಟರೂ ನೋಯದ ನಂಬಿಕೆಗಳನ್ನು. ನೋಯಿಸುವಂಥದ್ದು ಒಂದೇ ಒಂದು ಒಳಗೆ ಉಳಿದಿತ್ತು. ಅದನ್ನು ನಾನು ನಂಬಿಕೆ ಎಂದು ಕರೆಯುತ್ತಲೇ ಇರಲಿಲ್ಲ, ಅನುಭವ ಎನ್ನುತ್ತಿದ್ದೆ.

ಕಳೆದ ವರ್ಷ ಮಗಳು ಚೊಚ್ಚಲ ಹೆರಿಗೆಗೆ ನನ್ನ ಮನೆಗೆ ಬಂದಳು. ಅವಳ ಮನೆ ಶ್ರೀಗಂಧದ ಕಾವಲಿನಲ್ಲಿ, ಅಂಥ ದೂರವೇನಲ್ಲ. ಆದರೂ ಮೊದಲ ಬಾಣಂತನ ತವರಿನದು. ಯಜಮಾನರು ತೀರಿಕೊಂಡ ಮೇಲೆ ಕೆಳಗಿನ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಮೇಲಿನ ಪೋರ್ಷನ್‌ನಲ್ಲಿ ಬಾಡಿಗೆಗಿದ್ದವಳು ಇಪ್ಪತ್ತಾರು ವರ್ಷದ ಹುಡುಗಿ, ಆಸ್ಪತ್ರೆಯೊಂದರಲ್ಲಿ ನರ್ಸು. ಒಳ್ಳೆಯವಳೇ. ಆದರೆ ಮೆಟ್ಟಿಲ ಮೇಲೆ ಚಪ್ಪಲಿ ಬಡಿದುಕೊಂಡು ಇಳಿಯುತ್ತಿದ್ದಳು, ಕೇಳದಿದ್ದರೂ ಬುದ್ಧಿ ಹೇಳುತ್ತಿದ್ದಳು. ಎರಡನೆಯದು ನನ್ನ ಗುಣವೂ ಹೌದು, ಅದಕ್ಕೇ ನನಗೆ ಅವಳನ್ನು ಕಂಡರೆ ಮೈ ಉರಿಯುತ್ತಿತ್ತು.

ಹೆಣ್ಣುಮಗು ಹುಟ್ಟಿತು. ಮಗಳು ಮನೆಗೆ ಬಂದ ದಿನವೇ ನಾನು ಟೊಂಕ ಕಟ್ಟಿ ನಿಂತೆ. ಕೋಣೆಯ ಕಿಟಕಿ ಮುಚ್ಚಿದೆ, ಫ್ಯಾನಿನ ಸ್ವಿಚ್ಚಿಗೆ ಟೇಪು ಅಂಟಿಸಿದೆ. ಅವಳ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು. ಬೆಳಿಗ್ಗೆ ಎಣ್ಣೆ ತಿಕ್ಕಿ, ಸುಡು ನೀರು ಹೊಯ್ದು, ಸಾಂಬ್ರಾಣಿ ಹೊಗೆ ಹಾಕಿ, ಕಂಬಳಿ ಹೊದಿಸಿ ಬೆವರು ಬರಿಸುವುದು. ಊಟಕ್ಕೆ ಮೆಣಸಿನ ಸಾರು, ಬೆಳ್ಳುಳ್ಳಿ, ಅಂಟಿನುಂಡೆ. ಕುಡಿಯಲು ನನ್ನ ಅವ್ವನ ಕಾಲದ ಬೆಳ್ಳಿ ಲೋಟ. ಮುಷ್ಟಿಯೊಳಗೆ ಅಡಗುವಷ್ಟು ಸಣ್ಣದು. ಓಮ ಹಾಕಿ ಕುದಿಸಿ ಅರ್ಧಕ್ಕಿಳಿಸಿದ ನೀರು, ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ಅದಕ್ಕಿಂತ ಹೆಚ್ಚು ಕುಡಿದರೆ ಬಾಣಂತಿಗೆ ಶೀತ ಏರುತ್ತದೆ, ಹೊಟ್ಟೆ ದಪ್ಪಗೇ ಉಳಿಯುತ್ತದೆ, ಮಗುವಿಗೆ ನೆಗಡಿಯಾಗುತ್ತದೆ. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಹೆರಿಗೆ ಮಾಡಿಸಿದ ಆಸ್ಪತ್ರೆಯವರು ಕಳಿಸುವಾಗ ಚೆನ್ನಾಗಿ ನೀರು ಕುಡಿಸಿ ಎಂದಿದ್ದರು. ನಾನು ತಲೆಯಾಡಿಸಿದ್ದೆ. ಅವರು ಹೇಳುವುದು ಹೇಳುತ್ತಾರೆ, ನಾವು ಮಾಡುವುದು ಮಾಡುತ್ತೇವೆ ಎಂಬುದು ನನ್ನ ಲೆಕ್ಕ.

ಎಂಟನೇ ತರಗತಿಗೆ ಪಾಠ ಮಾಡುವಾಗ ನಮ್ಮ ದೇಹದ ಹೆಚ್ಚು ಪಾಲು ನೀರೇ ಎಂದು ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಿದ್ದವಳೂ ನಾನೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಒಂಬತ್ತನೆಯ ದಿನ ಮೇಲಿನ ಹುಡುಗಿ ಮಗು ನೋಡಲು ಬಂದಳು. ಮಗುವನ್ನು ನೋಡಿದ್ದು ಕಡಿಮೆ, ನನ್ನ ಮಗಳನ್ನು ನೋಡಿದ್ದು ಹೆಚ್ಚು.

"ಆಂಟಿ, ಅಕ್ಕನ ತುಟಿ ಹೆಂಗೆ ಒಡೆದಿದೆ ನೋಡಿ. ನೀರು ಕುಡೀತಾ ಇದಾರಾ?"

"ಕುಡೀತಾಳೆ."

"ಎಷ್ಟು ಆಂಟಿ?"

ನಾನು ಲೋಟ ತೋರಿಸಿದೆ. ಎರಡು ಸಲ ಎಂದೆ. ಅವಳು ಲೋಟವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

"ಇದು ಡೇಂಜರ್ ಆಂಟಿ. ಬಾಣಂತೀರ ರಕ್ತ ಮೊದ್ಲೇ ಬೇಗ ಹೆಪ್ಪುಗಟ್ಟತ್ತೆ. ನೀರು ಕಮ್ಮಿಯಾದ್ರೆ ಇನ್ನೂ ಕಷ್ಟ. ನಮ್ಮ ವಾರ್ಡಲ್ಲಿ ಇಂಥ ಕೇಸ್ ನೋಡಿದೀನಿ ನಾನು."

"ನೋಡಮ್ಮ," ಎಂದೆ, ಕೊನೆಯ ಬೆಂಚಿಗೂ ಕೇಳಿಸುವ ದನಿಯಲ್ಲಿ. "ನಿಂಗಿನ್ನೂ ಮದುವೆ ಆಗಿಲ್ಲ. ಒಂದು ಹೆತ್ತು, ಒಂದು ಬಾಣಂತನ ಮುಗಿಸಿ ಬಾ. ಆಮೇಲೆ ನಂಗೆ ಪಾಠ ಹೇಳುವೆಯಂತೆ."

ಹುಡುಗಿಯ ಮುಖ ಬಾಡಿತು. ಎದ್ದು ಹೋದಳು. ಆದರೆ ಬಾಗಿಲಲ್ಲಿ ತಿರುಗಿ ನಿಂತು, "ನೀವು ಸೈನ್ಸ್ ಟೀಚರ್ ಅಲ್ವಾ ಆಂಟಿ?" ಎಂದಳು. ಆ ಮಾತಿಗೆ ಉತ್ತರ ಹುಡುಕುತ್ತ ನಾನು ಸಂಜೆಯವರೆಗೂ ಪಾತ್ರೆ ಕುಕ್ಕಿದೆ.

ಹನ್ನೆರಡನೆಯ ದಿನ ಮಗಳಿಗೆ ತಲೆನೋವು ಶುರುವಾಯಿತು. ಮಲಗಿದರೆ ಜಾಸ್ತಿ, ಎದ್ದು ಕೂತರೆ ಸ್ವಲ್ಪ ಕಡಿಮೆ. ನಾನು ಶುಂಠಿ ತೇಯ್ದು ಹಣೆಗೆ ಪಟ್ಟು ಹಾಕಿ, ಮೇಲೆ ಬಟ್ಟೆ ಬಿಗಿದೆ.

"ಫ್ಯಾನ್ ಹಾಕ್ಕೊಂಡಿದ್ಯೇನೇ? ನಿಜ ಹೇಳು."

"ಇಲ್ಲಮ್ಮ. ಬಾಯಾರಿಕೆ. ಒಂಚೂರು ನೀರು ಜಾಸ್ತಿ ಕೊಡಮ್ಮ."

"ತಲೆನೋವಿಗೂ ನೀರಿಗೂ ಏನೇ ಸಂಬಂಧ? ಇನ್ನೊಂದೆಂಟು ದಿನ ತಡ್ಕೋ ಕಣೇ. ನಾನು ತಡ್ಕೊಂಡಿಲ್ವಾ?"

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ನನ್ನ ಮಗಳು ಸಣ್ಣವಳಿದ್ದಾಗಿನಿಂದಲೂ ಹಾಗೆ, ವಾದ ಮಾಡುವುದಿಲ್ಲ, ಗೋಡೆಗೆ ಮುಖ ಕೊಡುತ್ತಾಳೆ.

ಮರುದಿನ ಮಧ್ಯಾಹ್ನ ಹಾಸಿಗೆಯ ಬಟ್ಟೆ ಬದಲಾಯಿಸುವಾಗ ಮಂಚದ ಸಂದಿಯಲ್ಲಿ ಒಂದು ನೀಲಿ ನೀರಿನ ಬಾಟಲಿ ಸಿಕ್ಕಿತು. ಅರ್ಧ ಖಾಲಿಯಾಗಿತ್ತು. ಅದನ್ನು ನಾನು ದಿನಾ ನೋಡುತ್ತಿದ್ದೆ, ಮೇಲಿನ ಹುಡುಗಿ ಡ್ಯೂಟಿಗೆ ಹೋಗುವಾಗ ಬ್ಯಾಗಿನ ಪಕ್ಕದಲ್ಲಿ ಸಿಕ್ಕಿಸಿಕೊಂಡು ಹೋಗುವ ಬಾಟಲಿ. ಮಗಳು "ಅಮ್ಮಾ, ಬೇಡಮ್ಮ" ಎನ್ನುತ್ತಿದ್ದಂತೆಯೇ ತೆಗೆದುಕೊಂಡು ಹೋಗಿ ಬಚ್ಚಲಿಗೆ ಸುರಿದೆ. ಆಮೇಲೆ ಖಾಲಿ ಬಾಟಲಿ ಹಿಡಿದುಕೊಂಡು ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದೆ.

"ನನ್ನ ಮಗಳನ್ನ ಕೊಲ್ಲೋಕೆ ಬಂದಿದೀಯೇನೇ? ಈ ತಿಂಗಳು ಮುಗಿಯೋದ್ರೊಳಗೆ ಮನೆ ಖಾಲಿ ಮಾಡು!"

ಎದುರು ಮನೆಯ ಕಿಟಕಿ ತೆರೆಯಿತು. ಹುಡುಗಿ ಯೂನಿಫಾರ್ಮಿನಲ್ಲಿ ಮೇಲಿನ ಮೆಟ್ಟಿಲಿಗೆ ಬಂದು ನಿಂತಳು. ಅವಳು ಕೂಗಲಿಲ್ಲ.

"ಮಾಡ್ತೀನಿ ಆಂಟಿ. ಆದ್ರೆ ಅಕ್ಕಂಗೆ ತಲೆನೋವು ಶುರುವಾಗಿದೆ, ಇವತ್ತೇ ಡಾಕ್ಟರಿಗೆ ತೋರ್ಸಿ. ವಾಂತಿ ಆದ್ರೆ, ಕಣ್ಣು ಮಂಜಾದ್ರೆ, ಕೈ ಸೋತ್ರೆ, ಒಂದು ನಿಮಿಷಾನೂ ಕಾಯ್ಬೇಡಿ. ನನ್ನ ಮೇಲಿನ ಕೋಪಕ್ಕೆ ಕಾಯ್ಬೇಡಿ."

ನಾನು ಬಾಟಲಿಯನ್ನು ಮೆಟ್ಟಿಲ ಮೇಲೆ ಕುಕ್ಕಿ, ಬಾಗಿಲು ಬಡಿದುಕೊಂಡು ಒಳಗೆ ಬಂದೆ. ಡಾಕ್ಟರಿಗೆ ತೋರಿಸಲಿಲ್ಲ. ಹೊರಗೆ ಕರೆದೊಯ್ದರೆ ಗಾಳಿ ತಾಕುತ್ತದೆ ಎಂದುಕೊಂಡೆ.

ಒಂದು ಬಾಟಲಿ ನೀರಿಗೆ ನಾನೇಕೆ ಅಷ್ಟು ಹೆದರಿದೆ ಎಂಬುದನ್ನು ಹೇಳಬೇಕು. ಇದನ್ನು ನಾನು ಮಗಳಿಗೆ ಹೇಳಿರಲಿಲ್ಲ, ಯಜಮಾನರಿಗೂ ಹೇಳಿರಲಿಲ್ಲ.

ಆಗ ನನಗೆ ಹನ್ನೊಂದು ವರ್ಷ. ದಾವಣಗೆರೆಯ ಕಡೆಯ ಸಣ್ಣ ಊರು ನಮ್ಮದು. ಅಕ್ಕ ಚೊಚ್ಚಲ ಬಾಣಂತನಕ್ಕೆ ಬಂದು ಒಳಕೋಣೆಯಲ್ಲಿ ಮಲಗಿದ್ದಳು. ಅವ್ವ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಒಂದು ಮಧ್ಯಾಹ್ನ ಅಕ್ಕ ನನ್ನನ್ನು ಸನ್ನೆ ಮಾಡಿ ಕರೆದಳು.

"ಒಂದ್ ಚೊಂಬು ನೀರ್ ತಾರೇ. ಗಂಟ್ಲು ಒಣಗಿ ಹೋಗೈತೆ. ಅವ್ವಂಗೆ ಹೇಳ್ಬ್ಯಾಡ."

ನಾನು ಮಣ್ಣಿನ ಮಡಕೆಯಿಂದ ತಣ್ಣನೆಯ ನೀರು ತುಂಬಿ ತಂದೆ. ತಲೆಗೆ ಬಟ್ಟೆ ಬಿಗಿದುಕೊಂಡಿದ್ದ ಅಕ್ಕ ಮೊಣಕೈ ಊರಿ ಎದ್ದು, ಕಣ್ಣು ಮುಚ್ಚಿಕೊಂಡೇ ಗಟಗಟ ಕುಡಿದಳು. ಅರ್ಧ ನೀರು ಚಾಪೆಯ ಮೇಲೆ ಚೆಲ್ಲಿತು. ಕುಡಿದು ಮುಗಿಸಿ ಖಾಲಿ ಚೊಂಬನ್ನು ಮತ್ತೆ ನನ್ನ ಕಡೆ ಚಾಚಿದಳು. "ಇನ್ನೊಂದು," ಎಂದಳು. ಅಷ್ಟರಲ್ಲಿ ಹಿತ್ತಿಲ ಬಾಗಿಲು ಸದ್ದಾಯಿತು. ನಾನು ಚೊಂಬು ಕಿತ್ತುಕೊಂಡು ಓಡಿದೆ.

ಎರಡು ದಿನಕ್ಕೆ ಅಕ್ಕನಿಗೆ ಸನ್ನಿ ಹಿಡಿಯಿತು. ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದು, ಯಾರ ಗುರುತೂ ಹತ್ತದೆ, ಮರುದಿನ ಹೋಗಿಬಿಟ್ಟಳು. ಚಾಪೆ ಒದ್ದೆಯಾಗಿದ್ದನ್ನು ಅವ್ವ ನೋಡಿದ್ದಳು. ಕದ್ದು ತಣ್ಣೀರು ಕುಡಿದು ಜೀವ ಕಳೆದುಕೊಂಡಳು ಎಂದು ಬಂದವರಿಗೆಲ್ಲ ಹೇಳಿ ಎದೆ ಬಡಿದುಕೊಂಡಳು. ತಂದುಕೊಟ್ಟವರು ಯಾರು ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅಕ್ಕನನ್ನು ಕೊಂದವಳು ನಾನು ಎಂದು ತಿಳಿದುಕೊಂಡೇ ಐವತ್ತೆರಡು ವರ್ಷ ಬದುಕಿದೆ. ಇದ್ದದ್ದು ಒಂದೇ ಸಮಾಧಾನ, ಎರಡನೇ ಚೊಂಬು ಕೊಡಲಿಲ್ಲವಲ್ಲ ಎಂದು.

ಹದಿನಾಲ್ಕನೆಯ ದಿನ ಬೆಳಿಗ್ಗೆ ಮಗಳು ಗಂಜಿಯನ್ನೆಲ್ಲ ವಾಂತಿ ಮಾಡಿದಳು. ದೀಪ ಹಾಕಿದರೆ ಕಣ್ಣಿಗೆ ಅಂಗೈ ಅಡ್ಡ ಹಿಡಿದಳು. "ಅಮ್ಮ, ನೀನು ಎರಡೆರಡು ಕಾಣ್ತಾ ಇದೀಯ," ಎಂದಳು. ಪಕ್ಕದಲ್ಲಿ ಮಲಗಿದ್ದ ಮಗುವಿನ ಟೋಪಿ ಜಾರಿತ್ತು. ಸರಿ ಮಾಡಲು ಅವಳು ಬಲಗೈ ಚಾಚಿದಳು. ಬೆರಳು ಟೋಪಿಯ ಮೇಲೆ ಬಿದ್ದವು, ಹಿಡಿಯಲಿಲ್ಲ. ಅವಳು ತನ್ನ ಕೈಯನ್ನು ತಾನೇ ಬೇರೆಯವರ ಕೈಯೆಂಬಂತೆ ನೋಡಿದಳು.

ವಾಂತಿ, ಕಣ್ಣು, ಕೈ. ಹುಡುಗಿ ಹೇಳಿದ್ದ ಮೂರೂ.

ನಾನು ಮೆಟ್ಟಿಲ ಬುಡಕ್ಕೆ ಬಂದೆ. ಬಂದವಳು ಅಲ್ಲೇ ನಿಂತೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಒಳಗೆ ಮಗಳು ನರಳುತ್ತಿದ್ದಾಳೆ, ಮೇಲೆ ಬಾಗಿಲ ಹಿಂದೆ ಸಹಾಯವಿದೆ, ನಾನು ಮೆಟ್ಟಿಲ ಕಂಬಿ ಹಿಡಿದು ನಿಂತಿದ್ದೇನೆ. ನಿನ್ನೆ ಬೀದಿಗೆಲ್ಲ ಕೇಳುವಂತೆ ಕೂಗಿದ್ದಕ್ಕೆ ಇವತ್ತು ಹೇಗೆ ಕರೆಯಲಿ ಎಂಬುದು ಮೇಲಿನ ಕಾರಣ. ಒಳಗಿನ ಕಾರಣ ಬೇರೆ. ಆ ಹುಡುಗಿ ಸರಿ ಎಂದಾದರೆ ಅವ್ವ ತಪ್ಪು. ಅವ್ವ ತಪ್ಪಾದರೆ ಅಕ್ಕ ಸತ್ತದ್ದು ಯಾತಕ್ಕೆ? ಅಲ್ಲಿಂದ ಮುಂದಕ್ಕೆ ಯೋಚಿಸಲು ನನಗೆ ಧೈರ್ಯವಿರಲಿಲ್ಲ. ಎಷ್ಟು ಹೊತ್ತು ನಿಂತೆನೋ, ಅಡುಗೆಮನೆಯಲ್ಲಿ ಕುಕ್ಕರ್ ಮೂರು ಸಲ ಕೂಗಿದ್ದು ಮಾತ್ರ ನೆನಪಿದೆ. ಮೂರನೆಯದಕ್ಕೆ ನಾನೂ ಕೂಗಿದೆ.

ಅವಳು ಒದ್ದೆ ಕೂದಲಲ್ಲೇ ಓಡಿ ಬಂದಳು. ಈ ಸಲ ಚಪ್ಪಲಿಯ ಸದ್ದಿರಲಿಲ್ಲ, ಬರಿಗಾಲು.

"ಅಕ್ಕ, ಎರಡೂ ಕೈ ಮುಂದಕ್ಕೆ ಚಾಚಿ. ಹಂಗೇ ಹಿಡೀರಿ."

ಎಡಗೈ ನಿಂತಿತು. ಬಲಗೈ ಮೆಲ್ಲಗೆ ಇಳಿದುಹೋಯಿತು.

"ಆಂಟಿ, ಈಗ್ಲೇ ಹೊರಡ್ಬೇಕು. ಇಲ್ಲಿ ಕ್ಲಿನಿಕ್ಕಿಗೆಲ್ಲ ಬೇಡ, ಸ್ಕ್ಯಾನ್ ಇರೋ ದೊಡ್ಡಾಸ್ಪತ್ರೆಗೆ. ಭಾವಂಗೆ ಫೋನ್ ಮಾಡಿ, ಅಲ್ಲಿಗೇ ಬರ್ಲಿ."

ಬರಿಗಾಲಲ್ಲೇ ಮುಖ್ಯರಸ್ತೆಗೆ ಓಡಿ ಆಟೋ ತಂದಳು. ಮಗು ನನ್ನ ತೊಡೆಯ ಮೇಲೆ, ಮಗಳು ಅವಳ ತೋಳಿನಲ್ಲಿ. ಮಾಗಡಿ ರಸ್ತೆಗೆ ಬಂದರೆ ಆಫೀಸಿನ ಹೊತ್ತು, ಗಾಡಿಗಳು ಅಲುಗುತ್ತಿರಲಿಲ್ಲ. ಮುಂದಿನ ಬಸ್ಸಿನ ಹೊಗೆ ಆಟೋದ ಒಳಗೇ ಬರುತ್ತಿತ್ತು. ಮಗಳ ಬಲಗೈ ಮೊದಲು ಅದುರಿತು, ಆಮೇಲೆ ಭುಜ, ಆಮೇಲೆ ಮೈಯೆಲ್ಲ. ಕಣ್ಣು ಮೇಲಕ್ಕೆ ಹೋಯಿತು, ತುಟಿಯ ಅಂಚಿನಲ್ಲಿ ನೊರೆ. ಇದನ್ನು ನಾನು ಮೊದಲೇ ನೋಡಿದ್ದೆ.

"ಸನ್ನಿ! ಸನ್ನಿ ಕಣೇ! ನಿನ್ನ ನೀರಿಂದಾನೇ!" ಎಂದು ಕಿರುಚಿದೆ. ಆ ಗಳಿಗೆಯಲ್ಲೂ ನಾನು ಹೇಳಿದ್ದು ಅದನ್ನೇ.

"ಫಿಟ್ಸ್ ಆಂಟಿ ಇದು," ಎಂದಳು ಹುಡುಗಿ, ಮಗಳನ್ನು ಮಗ್ಗುಲಿಗೆ ತಿರುಗಿಸುತ್ತ. "ಬಾಯಿಗೆ ಏನೂ ಹಾಕ್ಬೇಡಿ. ಮಗೂನ ಗಟ್ಟಿಯಾಗಿ ಹಿಡ್ಕೊಳ್ಳಿ. ಅಣ್ಣ, ನಿಲ್ಲಿಸ್ಬೇಡಿ, ಹೋಗಿ!" ಆಟೋದವರು ಹಾರ್ನಿನ ಮೇಲಿಂದ ಕೈ ತೆಗೆಯದೆ ಎದುರಿನ ಗಾಡಿಗಳ ಮಧ್ಯೆ ನುಗ್ಗಿಸಿದರು. ನಾನು ನನಗೆ ಗೊತ್ತಿದ್ದ ವಚನವನ್ನೆಲ್ಲ ಹೇಳಲು ನೋಡಿದೆ, ಒಂದೂ ನೆನಪಿಗೆ ಬರಲಿಲ್ಲ.

ಆಸ್ಪತ್ರೆಯಲ್ಲಿ ಸ್ಟ್ರೆಚರ್ ಒಳಗೆ ಹೋಯಿತು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ಹೊರಗೆ ಬಂದು ಬೇಗ ಬೇಗ ಪ್ರಶ್ನೆ ಕೇಳಿದರು. ಹೆರಿಗೆ ಯಾವತ್ತು, ತಲೆನೋವು ಯಾವಾಗಿಂದ, ಬಿಪಿ ಇತ್ತಾ. ಕೊನೆಗೆ, "ನೀರು ಎಷ್ಟು ಕುಡೀತಿದ್ರು?"

"ಬೇಕಾದಷ್ಟು ಕುಡೀತಾಳೆ ಡಾಕ್ಟ್ರೇ," ಎಂದೆ.

ಯೋಚಿಸಿ ಹೇಳಿದ ಸುಳ್ಳಲ್ಲ, ಬಾಯಿ ತಾನಾಗಿ ಹೇಳಿತು. ಹುಡುಗಿ ನನ್ನ ಮೊಮ್ಮಗಳನ್ನು ಭುಜಕ್ಕೆ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದಳು. ಅವಳು ಬಾಯಿ ಹಾಕಿದ್ದರೆ ನಾನು ಆ ಸುಳ್ಳನ್ನೇ ಹಿಡಿದು ಜಗಳ ಕಾಯುತ್ತಿದ್ದೆನೇನೋ. ಅವಳು ನನ್ನನ್ನು ನೋಡಿದಳು ಅಷ್ಟೆ, ಆಮೇಲೆ ಅವಳ ಧೂಳು ಮೆತ್ತಿದ ಬರಿಗಾಲನ್ನು ನಾನು ನೋಡಿದೆ.

"ಇಲ್ಲ ಡಾಕ್ಟ್ರೇ. ಸುಳ್ಳು ಹೇಳ್ದೆ. ದಿನಕ್ಕೆ ಎರಡು ಲೋಟ. ಇಷ್ಟೇ ಇಷ್ಟು ಲೋಟ. ಅವಳು ಕೇಳ್ತಾನೇ ಇದ್ಲು, ನಾನು ಕೊಡ್ಲಿಲ್ಲ. ಈ ಹುಡುಗಿ ಕದ್ದು ಕೊಟ್ಟಿದ್ದನ್ನೂ ಕಿತ್ಕೊಂಡು ಚೆಲ್ದೆ."

ಡಾಕ್ಟರಮ್ಮ ಬೈಯಲಿಲ್ಲ. ಬರೆದುಕೊಂಡು ಒಳಗೆ ಹೋದರು. ಸ್ಕ್ಯಾನ್ ಆದ ಮೇಲೆ ಬಂದು, ಮೆದುಳಿನಿಂದ ರಕ್ತ ವಾಪಸ್ ಇಳಿದು ಬರುವ ನಾಳದಲ್ಲಿ ಹೆಪ್ಪುಗಟ್ಟಿದೆ ಎಂದರು. ಹೆರಿಗೆಯಾದ ಕೆಲವರಿಗೆ ಹೀಗಾಗುತ್ತದೆ, ಮೈಯಲ್ಲಿ ನೀರಿಲ್ಲದಿದ್ದರೆ ಅಪಾಯ ಇನ್ನೂ ಹೆಚ್ಚು. ಇಂಜೆಕ್ಷನ್ ಶುರು ಮಾಡಿದ್ದೇವೆ, ಎರಡು ದಿನ ಏನೂ ಹೇಳಲಾಗದು.

ಆ ಎರಡು ದಿನ ಐಸಿಯು ಹೊರಗಿನ ಕುರ್ಚಿಯಲ್ಲಿ ಕಳೆದೆ. ಅಳಿಯ ಮಗುವನ್ನು ತನ್ನ ತಾಯಿಯ ಹತ್ತಿರ ಬಿಟ್ಟು ಬಂದು ನನ್ನ ಪಕ್ಕದಲ್ಲೇ ಕೂತ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು.

ಯಾವ ಪ್ರಯೋಗ ಮಾಡಿಸಿದರೂ ನಾನು ಮಕ್ಕಳಿಗೆ ಒಂದು ಮಾತು ಹೇಳುತ್ತಿದ್ದೆ. ಮೊದಲು ಏನಾಯಿತು, ಆಮೇಲೆ ಏನಾಯಿತು, ಆದ ಕ್ರಮದಲ್ಲೇ ಬರೆಯಿರಿ, ನಿಮಗೆ ಬೇಕಾದ ಕ್ರಮದಲ್ಲಿ ಅಲ್ಲ. ಎರಡನೆಯ ದಿನ ಮಧ್ಯಾಹ್ನ ಆ ಕುರ್ಚಿಯಲ್ಲಿ ಕೂತು ಅಕ್ಕನ ವಿಷಯವನ್ನು ಮೊದಲ ಸಲ ಹಾಗೆ ಜೋಡಿಸಿದೆ. ಅಲ್ಲಿಯವರೆಗೆ ನನ್ನ ಕ್ರಮ ಒಂದೇ ಇತ್ತು: ನಾನು ನೀರು ಕೊಟ್ಟೆ, ತಲೆನೋವು ಬಂತು, ಸನ್ನಿ ಬಂತು, ಸತ್ತಳು. ಆದರೆ ಅಕ್ಕ ನೀರು ಕುಡಿಯಲು ಎದ್ದಾಗ ಅವಳ ತಲೆಗೆ ಬಟ್ಟೆ ಬಿಗಿದಿತ್ತು. ಕಣ್ಣು ಮುಚ್ಚಿಕೊಂಡೇ ಕುಡಿದಿದ್ದಳು. ನನ್ನ ಮಗಳ ತಲೆಗೆ ನಾನು ಬಿಗಿದಂಥದ್ದೇ ಬಟ್ಟೆ. ತಲೆನೋವಿಲ್ಲದವಳು ಯಾಕೆ ಬಟ್ಟೆ ಬಿಗಿದುಕೊಳ್ಳುತ್ತಾಳೆ? ನಾನು ಚೊಂಬು ತರುವ ಮೊದಲೇ ಅವಳಿಗೆ ತಲೆನೋವಿತ್ತು. ಐವತ್ತೆರಡು ವರ್ಷ ಆ ಬಟ್ಟೆ ನನ್ನ ಕಣ್ಣ ಮುಂದೆಯೇ ಇತ್ತು, ನಾನು ನೋಡಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಡಾಕ್ಟರಮ್ಮ ಬಂದು, ಮಗಳು ಅಪಾಯದಿಂದ ಪಾರಾಗಿದ್ದಾಳೆ, ಕೈ ಸರಿಹೋಗಲು ಸ್ವಲ್ಪ ಸಮಯ ಬೇಕು ಎಂದರು. ಅಳಿಯ ಮುಖ ಮುಚ್ಚಿಕೊಂಡು ಅತ್ತ. ನಾನು ಡಾಕ್ಟರಮ್ಮನ ಹಿಂದೆ ಕಾರಿಡಾರಿನ ಕೊನೆಯವರೆಗೂ ಹೋದೆ.

"ಡಾಕ್ಟ್ರೇ, ತಣ್ಣೀರು ಕುಡಿದ್ರೆ ಬಾಣಂತಿ ಸಾಯ್ತಾಳಾ? ಒಂದೇ ಒಂದು ಚೊಂಬು?"

"ಇಲ್ಲಮ್ಮ. ಹತ್ತು ಚೊಂಬು ಕುಡಿದ್ರೂ ಸಾಯಲ್ಲ. ಯಾಕೆ?"

ನಿಂತಲ್ಲೇ ಎಲ್ಲ ಹೇಳಿದೆ. ಮೊದಲ ಸಲ ಇನ್ನೊಬ್ಬರಿಗೆ ಹೇಳುತ್ತಿದ್ದೆ. ಅವರು ಕೇಳಿಸಿಕೊಂಡರು.

"ನಿಮ್ಮ ಅಕ್ಕಂಗೆ ಏನಾಗಿತ್ತು ಅಂತ ಇಷ್ಟು ವರ್ಷದ ಮೇಲೆ ನಾನು ಖಚಿತವಾಗಿ ಹೇಳೋಕಾಗಲ್ಲಮ್ಮ. ಆದ್ರೆ ನೀವು ಕೊಟ್ಟ ನೀರಿಂದ ಅಲ್ಲ. ಅವ್ರಿಗೆ ಆಗ ಬೇಕಾಗಿದ್ದೇ ನೀರು."

ಐವತ್ತೆರಡು ವರ್ಷದ ಭಾರ ಇಳಿಯಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಇಳಿಯಲಿಲ್ಲ, ಮಗ್ಗುಲು ಬದಲಾಯಿಸಿತು. ಎರಡನೇ ಚೊಂಬು ಕೊಡಲಿಲ್ಲವೆಂಬ ಒಂದೇ ಸಮಾಧಾನವೂ ಹೋಯಿತು. ಅವ್ವನ ಮೇಲೆ ಸಿಟ್ಟು ಬಂತು, ಆದರೆ ನಿಲ್ಲಲಿಲ್ಲ. ಅವ್ವ ಮಗಳನ್ನು ಉಳಿಸಿಕೊಳ್ಳಲೆಂದೇ ನೀರು ಕೊಡಲಿಲ್ಲ, ಅವಳಿಗೆ ಬೇರೆ ಹೇಳುವವರಿರಲಿಲ್ಲ. ನನಗೆ ಹೇಳುವವಳು ಮೆಟ್ಟಿಲಿಳಿದು ಬಂದು ಹೇಳಿದ್ದಳು. ನಾನು ಮನೆ ಖಾಲಿ ಮಾಡು ಎಂದಿದ್ದೆ.

ಮಗಳನ್ನು ವಾರ್ಡಿಗೆ ತಂದ ದಿನ ಹುಡುಗಿ ಡ್ಯೂಟಿ ಮುಗಿಸಿಕೊಂಡು ಬಂದಳು. "ಮನೆ ಬಿಡ್ಬೇಡ ಕಣೇ," ಎಂದೆ. ಕ್ಷಮಿಸು ಎನ್ನುವ ಮಾತು ನನ್ನ ಬಾಯಿಗೆ ಅಷ್ಟು ಸುಲಭಕ್ಕೆ ಬರುವುದಿಲ್ಲ.

"ಹುಡುಕೋಕೆ ಟೈಮೆಲ್ಲಿತ್ತು ಆಂಟಿ," ಎಂದು ಅವಳು ಹಣ್ಣಿನ ಚೀಲವನ್ನು ನನ್ನ ಕೈಗೆ ಕೊಟ್ಟಳು. ಅದರಲ್ಲಿ ಆ ನೀಲಿ ಬಾಟಲಿಯೂ ಇತ್ತು, ತುಂಬಿದ್ದು.

ಮಗಳು ಕಣ್ಣು ಬಿಟ್ಟು, "ಅಮ್ಮ, ನೀರು," ಎಂದಳು. ದೊಡ್ಡ ಸ್ಟೀಲ್ ಲೋಟಕ್ಕೆ ಬಗ್ಗಿಸಿ, ಬೆನ್ನಿಗೆ ಕೈ ಕೊಟ್ಟು ಕುಡಿಸಿದೆ. ಗಟಗಟ ಕುಡಿದಳು, ಅರ್ಧ ಎದೆಯ ಮೇಲೆ ಚೆಲ್ಲಿಕೊಂಡಳು. ಕುಡಿದು ಮುಗಿಸಿ, ಇನ್ನೂ ಪೂರಾ ಸ್ವಾಧೀನವಿಲ್ಲದ ಬಲಗೈಗೆ ಎಡಗೈ ಆಸರೆ ಕೊಟ್ಟು, ಲೋಟವನ್ನು ನನ್ನ ಕಡೆ ಚಾಚಿದಳು.

"ಇನ್ನೊಂದು."

ಎಲ್ಲ ಗೊತ್ತಾದ ಮೇಲೂ ನನ್ನ ಕೈ ತಡೆಯಿತು. ಎಲ್ಲೋ ಹಿತ್ತಿಲ ಬಾಗಿಲು ಸದ್ದಾದ ಹಾಗಾಯಿತು. ಬಾಟಲಿ ಬಗ್ಗಿಸಿದೆ. ಲೋಟವನ್ನು ತುಳುಕುವವರೆಗೂ ತುಂಬಿದೆ.

"ಕುಡಿಯೇ," ಎಂದೆ. "ಅವ್ವ ಬಂದ್ರೆ ನಾನ್ ಹೇಳ್ತೀನಿ."

ಮಗಳು ಲೋಟದ ಮೇಲಿಂದ ನನ್ನನ್ನು ನೋಡಿದಳು. "ಯಾವ ಅವ್ವ ಅಮ್ಮ?" ಎಂದಳು.